ಹನ್ನೊಂದು ದಿನ ಚಪ್ಪಲಿ ಹೊಲಿದ ಶಾಸಕರು

ಜಯನಗರ ಮುಗಿದು ಜೆ.ಪಿ. ನಗರ ಶುರುವಾಗುವ ಕಡೆ, ಬಸ್ ಸ್ಟಾಪಿನ ಪಕ್ಕದ ಹೊಂಗೆ ಮರದ ಕೆಳಗೆ ಇಪ್ಪತ್ತೆಂಟು ವರ್ಷದಿಂದ ಕೂತು ಚಪ್ಪಲಿ ಹೊಲಿಯುತ್ತಿದ್ದೇನೆ. ಇಂಥ ಜಾಗದಲ್ಲಿ ಕೂತವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಗು ತಾನೇ ಬಂದು ಎದುರಿಗೆ ಒಂಟಿಕಾಲಲ್ಲಿ ನಿಂತು, "ಬೇಗ ಹೊಲಿ, ಬಸ್ ಬಂತು" ಅನ್ನುತ್ತದೆ. ಸಿಟ್ಟೂ ಹಾಗೇ ಬರುತ್ತದೆ. ಈ ಬರಹದಲ್ಲಿ ಎರಡೂ ಇವೆ, ಸಿಟ್ಟು ಸ್ವಲ್ಪ ಜಾಸ್ತಿ.

ನಾನು ಸ್ಕೂಲಿನಲ್ಲಿ ಓದಿದ್ದು ನಾಲ್ಕನೇ ಕ್ಲಾಸು. ಮಿಕ್ಕಿದ್ದನ್ನೆಲ್ಲ ಗಿರಾಕಿಗಳು ಶೂ ಸುತ್ತಿಕೊಂಡು ಬಂದ ಹಳೇ ಪೇಪರಿನಲ್ಲಿ ಓದಿದೆ. ಯಾವ ಸುದ್ದಿಯೂ ಪೂರ್ತಿ ಸಿಗುತ್ತಿರಲಿಲ್ಲ. ಅರ್ಧ ಸುದ್ದಿ ಓದಿ ಪೂರ್ತಿ ಸಿಟ್ಟು ಮಾಡಿಕೊಳ್ಳುವುದನ್ನು ಅಲ್ಲೇ ಕಲಿತೆ. ಆಮೇಲೆ ಲೈಬ್ರರಿಗೆ ಹೋಗಿ ಕಾನೂನು ಓದಿದೆ, ಕರಪತ್ರ ಬರೆದೆ, ಬೀದಿ ಬದಿಯ ಏಳೆಂಟು ಜನರನ್ನು ಸೇರಿಸಿ ಸಂಘ ಕಟ್ಟಿದೆ. ಈಗ ನನ್ನನ್ನು ಕಂಡರೆ ಪೊಲೀಸರು "ಬಂದ್ರು ಲೀಡ್ರು" ಅನ್ನುತ್ತಾರೆ.

ಶೂ, ಚಪ್ಪಲಿ ಕಸುಬಿನಿಂದ ವಿಧಾನಸೌಧದವರೆಗೆ ಹೋದ ಇಬ್ಬರು ನನಗೆ ಗೊತ್ತು. ಒಬ್ಬರು ಶೂ ಮಾರಿದವರು. ಇನ್ನೊಬ್ಬರು ಶೂ ಹೊಲಿದೆ ಅಂದವರು. ಅವರ ಹೆಸರು ಬರೆಯುವುದಿಲ್ಲ, ಕ್ಷೇತ್ರವನ್ನೂ ಬರೆಯುವುದಿಲ್ಲ. ಬರೆದರೆ ಅವರಿಗೆ ಪುಕ್ಕಟೆ ಪ್ರಚಾರ.

ಎಂಟು, ಅಗಲ ಪಾದ

ಶೂ ಮಾರಿದವರ ಅಂಗಡಿ ನನ್ನ ಮರದಿಂದ ಕೂಗಿದರೆ ಕೇಳುವಷ್ಟು ಹತ್ತಿರವಿತ್ತು. ಅವರು ಯಾವ ಗಿರಾಕಿಯ ಹೆಸರನ್ನೂ ನೆನಪಿಟ್ಟುಕೊಂಡವರಲ್ಲ. ಪಾದ ನೋಡುತ್ತಿದ್ದರು, ನಂಬರ್ ಹೇಳುತ್ತಿದ್ದರು. ಒಂದು ಸಲ ನೋಡಿದ ಪಾದವನ್ನು ಜನ್ಮದಲ್ಲಿ ಮರೆಯುತ್ತಿರಲಿಲ್ಲ.

ಅವರು ಚುನಾವಣೆಗೆ ನಿಂತಾಗ ಮನೆಮನೆಗೂ ಹೋದರು. ಪಕ್ಕದಲ್ಲಿ ಒಬ್ಬ ಮತದಾರರ ಪಟ್ಟಿ ಹಿಡಿದುಕೊಂಡು ಕಿವಿಯಲ್ಲಿ ಹೆಸರು ಹೇಳಿಕೊಡುತ್ತಿದ್ದ. ಇವರಿಗೆ ಅದರ ಅಗತ್ಯವೇ ಇರಲಿಲ್ಲ. ಬಾಗಿಲು ತೆರೆದ ತಕ್ಷಣ ಕೆಳಗೆ ನೋಡಿ, "ಓ, ಐದು ನಂಬರ್! ಚೆನ್ನಾಗಿದ್ದೀರಾ ತಾಯಿ? ಎಡಗಾಲಿನ ಆಣಿ ವಾಸಿಯಾಯ್ತಾ?" ಎಂದು ಕೇಳುತ್ತಿದ್ದರು. ಹೆಂಡತಿಗೆ ಕಾಲಲ್ಲಿ ಆಣಿ ಇತ್ತು ಅಂತ ಗಂಡನಿಗೆ ಅವತ್ತೇ ಗೊತ್ತಾಗುತ್ತಿತ್ತು. ಇಷ್ಟು ಪ್ರೀತಿಯಿಂದ ಕೇಳುವವರು ಇನ್ನೆಲ್ಲಿ ಸಿಗುತ್ತಾರೆ ಅಂತ ಹೆಂಗಸರೆಲ್ಲ ವೋಟು ಹಾಕಿದರು. ಗೆದ್ದರು.

ಅವರು ಗೆದ್ದ ಮೇಲೆ ನಾನು ಒಂದು ಅರ್ಜಿ ತೆಗೆದುಕೊಂಡು ಹೋದೆ. ಮರದ ಕೆಳಗೆ ಕೂರುವವರಿಗೆ ಒಂದು ಗುರುತಿನ ಚೀಟಿ ಕೊಡಿಸಿ ಅಂತ. ಅವರು ದೊಡ್ಡ ಮೇಜಿನ ಹಿಂದೆ ಕೂತಿದ್ದರು. ಮೇಜು ಅಡ್ಡ ಇದ್ದದ್ದರಿಂದ ನನ್ನ ಕಾಲು ಕಾಣಲಿಲ್ಲ.

"ಯಾರಪ್ಪಾ ನೀನು?"

ಹನ್ನೆರಡು ವರ್ಷ ದಿನಾ ನೋಡಿದ ಮುಖ ಇದು. "ಎಂಟು ನಂಬರ್ ಸಾರ್" ಅಂದೆ.

ಅವರು ಎದ್ದು ಬಗ್ಗಿ ನೋಡಿದರು. ಮುಖ ಅರಳಿತು. "ಅಯ್ಯೋ ನೀನಾ! ಮೊದಲೇ ಹೇಳಬಾರದಾ!" ಎಂದು ಕಾಫಿ ತರಿಸಿ, ಅರ್ಜಿಯ ಮೇಲೆ ತಮ್ಮ ಕೈಯಲ್ಲೇ ಶಿಫಾರಸು ಬರೆದು ಕಳಿಸಿದರು. ಮೂರು ತಿಂಗಳಾದ ಮೇಲೆ ಕಚೇರಿಯಿಂದ ಉತ್ತರ ಬಂತು. 'ಎಂಟು, ಅಗಲ ಪಾದ' ಎಂಬ ಹೆಸರಿನ ಅರ್ಜಿದಾರರು ಸದರಿ ವಿಳಾಸದಲ್ಲಿ ಪತ್ತೆಯಾಗಿರುವುದಿಲ್ಲ.

ಹನ್ನೊಂದು ದಿನ

ಇನ್ನೊಬ್ಬರ ಕಥೆ ಬೇರೆ. ಪಕ್ಕದ ಹಳ್ಳಿ ಬಡಾವಣೆಯಾದಾಗ ಸೈಟು ಮಾರಿ, ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟ ದೊಡ್ಡ ಮನೆತನದ ಮಗ. ಹತ್ತೊಂಬತ್ತು ವರ್ಷದ ಹಿಂದೆ, ಡಿಗ್ರಿ ಫೇಲಾಗಿದ್ದಕ್ಕೆ ಅಪ್ಪ ಬೈದರು ಅಂತ ಮನೆ ಬಿಟ್ಟು ಬಂದು ನನ್ನ ಮುಂದೆ ನಿಂತ. ಆಗ ಅವನಿಗೆ ಇಪ್ಪತ್ತನಾಲ್ಕು.

"ಗುರು, ಕೆಲಸ ಕಲಿಸು. ನಮ್ಮಪ್ಪನ ಮಾನ ಕಳೀಬೇಕು."

ನೋಡಿ, ಇಲ್ಲೇ ನನ್ನ ಸಿಟ್ಟು ಶುರುವಾಗುವುದು. ನನ್ನ ಅಪ್ಪ, ನನ್ನ ಅಜ್ಜ ಹೊಟ್ಟೆಗೆ ಮಾಡಿದ ಕೆಲಸ ಇವನ ಕಣ್ಣಿಗೆ ಅಪ್ಪನ ಮಾನ ಕಳೆಯುವ ಆಯುಧ. ಆದರೂ ಪಕ್ಕದಲ್ಲಿ ಗೋಣಿಚೀಲ ಹಾಸಿ ಕೂರಿಸಿದೆ. ಅಪ್ಪನ ಸ್ನೇಹಿತರು ಯಾರಾದರೂ ಆ ಕಡೆ ಬಂದರೆ ಸುತ್ತಿಗೆ ಎತ್ತಿ ಜೋರಾಗಿ ಬಡಿಯುತ್ತಿದ್ದ. ಅವರು ಹೋದ ಮೇಲೆ ಸುತ್ತಿಗೆ ಇಟ್ಟು ಟೀ ಕುಡಿಯುತ್ತಿದ್ದ.

ಆಗ ನಮ್ಮ ಹತ್ತಿರ ರಸೀದಿ ಪುಸ್ತಕ ಇರಲಿಲ್ಲ. ಗಿರಾಕಿ ಶೂ ಬಿಟ್ಟುಹೋದರೆ ಒಂದು ಚರ್ಮದ ಚೂರನ್ನು ಅಂಕುಡೊಂಕಾಗಿ ಎರಡು ಮಾಡಿ, ಒಂದನ್ನು ಶೂ ದಾರಕ್ಕೆ ಕಟ್ಟಿ, ಇನ್ನೊಂದನ್ನು ಗಿರಾಕಿಗೆ ಕೊಡುತ್ತಿದ್ದೆ. ಬಂದಾಗ ಎರಡೂ ಅಂಚು ಕೂಡಬೇಕು. ಕೈಯಲ್ಲಿ ಕೊಯ್ದ ಅಂಚು ತನ್ನ ಜೊತೆಯ ಚೂರಿಗೆ ಬಿಟ್ಟು ಬೇರೆ ಯಾವುದಕ್ಕೂ ಕೂಡುವುದೇ ಇಲ್ಲ. ಇದು ನಮ್ಮಪ್ಪನ ಕಾಲದಿಂದ ಬಂದ ಪದ್ಧತಿ.

ಹತ್ತನೇ ದಿನ, ಆಗಲೇ ರಿಟೈರಾಗಿದ್ದ ಒಬ್ಬ ಹೈಸ್ಕೂಲ್ ಮೇಷ್ಟ್ರು ಕಂದು ಬಣ್ಣದ ಶೂ ತಂದುಕೊಟ್ಟರು. ನಿವೃತ್ತಿಯ ದಿನ ಸ್ಕೂಲಿನ ಮಕ್ಕಳೆಲ್ಲ ಸೇರಿ ಕೊಡಿಸಿದ್ದು. ಬಲಗಾಲಿನ ಅಟ್ಟೆಯಲ್ಲಿ ತೂತು ಬಿದ್ದಿತ್ತು. "ಹೊಸ ಸೋಲ್ ಹಾಕಪ್ಪ, ಜೋಪಾನ" ಅಂದರು. ಚರ್ಮದ ಚೂರು ಕೊಯ್ದು ಅರ್ಧ ಅವರಿಗೆ ಕೊಟ್ಟೆ.

ಹನ್ನೆರಡನೇ ದಿನ ಬೆಳಿಗ್ಗೆ ನಮ್ಮ ಶಿಷ್ಯನ ಅಪ್ಪ ಕಾರು ಕಳಿಸಿದರು. ರಾಜಿಯಾಗಿತ್ತು. ಅಪ್ಪನ ಪಕ್ಷದ ಮೀಟಿಂಗಿಗೆ ಮಗನೂ ಹೋಗಬೇಕಿತ್ತು. ಇವನ ಕಾಲಲ್ಲಿ ಹವಾಯಿ ಚಪ್ಪಲಿ. ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಕಾರೂ ಇಲ್ಲ, ಶಿಷ್ಯನೂ ಇಲ್ಲ, ಮೇಷ್ಟ್ರ ಶೂನೂ ಇಲ್ಲ. ಹವಾಯಿ ಚಪ್ಪಲಿ ಮಾತ್ರ ಇತ್ತು.

ಮೇಷ್ಟ್ರಿಗೆ ಏನು ಹೇಳಲಿ? ನನ್ನ ಜಾಗದಲ್ಲಿ ಕಳವಾಯಿತು ಅನ್ನಲು ನಾಚಿಕೆಯಾಯಿತು. "ಒಳ್ಳೆ ಚರ್ಮ ಸಿಗ್ತಿಲ್ಲ ಮೇಷ್ಟ್ರೇ, ನಾಳೆ ಬನ್ನಿ" ಅಂದೆ. ಎಷ್ಟು ಸಲ ಕೇಳಿದರೂ ಆ ದೊಡ್ಡ ಮನೆಯವರು ಶೂ ಹಿಂದಿರುಗಿಸಲಿಲ್ಲ. ಬೇರೆ ಹೊಸದು ಹೊಲಿದು ಕೊಡುತ್ತೇನೆ ಅಂದರೆ ಮೇಷ್ಟ್ರು ಒಪ್ಪಲಿಲ್ಲ. "ನನ್ನ ಶೂನೇ ಬೇಕು, ಅವಸರವಿಲ್ಲ" ಅಂದರು. ಈಗ ಅವರಿಗೆ ಎಂಬತ್ತು ದಾಟಿದೆ. ಇವತ್ತಿಗೂ ಪಿಂಚಣಿಯ ದಿನ ಬ್ಯಾಂಕಿಗೆ ಹೋಗುವಾಗ ಮರದ ಹತ್ತಿರ ನಿಂತು ಕೇಳುತ್ತಾರೆ.

"ಏನಪ್ಪಾ, ಚರ್ಮ ಸಿಕ್ತಾ?"

ಪಂಚೆಗೆ ಹೊಲಿದ ಚಪ್ಪಲಿ

ಅಪ್ಪ ತೀರಿಕೊಂಡ ಮೇಲೆ ಮಗನಿಗೆ ಟಿಕೆಟ್ ಸಿಕ್ಕಿತು. ಕರಪತ್ರದಲ್ಲಿ ನೋಡುತ್ತೇನೆ, 'ಮೂರು ವರ್ಷ ಬೀದಿಯಲ್ಲಿ ಕೂತು ಚಪ್ಪಲಿ ಹೊಲಿದ ಶ್ರಮಜೀವಿ' ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ಇಪ್ಪತ್ತೆಂಟು ವರ್ಷ ಹೊಲಿದರೆ ಬಾಡಿಗೆ ಮನೆ ಕೇಳಿದಾಗ "ಏನು ಕೆಲಸ?" ಅಂತ ಕೇಳಿ ಬಾಗಿಲು ಹಾಕುತ್ತಾರೆ. ಜರಗನಹಳ್ಳಿಯಲ್ಲಿ ನನಗೆ ಮನೆ ಸಿಗುವ ಮುಂಚೆ ಹಾಗೆ ಒಂಬತ್ತು ಬಾಗಿಲು ಹಾಕಿಕೊಂಡಿದ್ದವು. ಹನ್ನೊಂದು ದಿನ ಹೊಲಿದರೆ ಮಾತ್ರ ಬಾಗಿಲು ತೆರೆದು ಆರತಿ ಎತ್ತುತ್ತಾರೆ. ಒಂದೇ ಕೆಲಸ, ಅವರಿಗೆ ಪದಕ, ನಮಗೆ ಕಳಂಕ.

ಒಂದು ಬೆಳಿಗ್ಗೆ ಈ ಶ್ರಮಜೀವಿಗಳು ಕ್ಯಾಮೆರಾದವರ ಜೊತೆ ಬಂದು ನನ್ನ ಹೆಗಲ ಮೇಲೆ ಕೈ ಹಾಕಿದರು. "ಇವರೇ ನನ್ನ ಗುರುಗಳು! ಇವತ್ತು ಗುರುಗಳ ಮುಂದೆ ಒಂದು ಚಪ್ಪಲಿ ಹೊಲೀತೀನಿ."

ಪಕ್ಕದಲ್ಲೇ ಹೂ ಮಾರುವ ಅಕ್ಕ ಇದ್ದಳು. ಅವಳ ಚಪ್ಪಲಿಯ ಪಟ್ಟಿ ಕಿತ್ತಿತ್ತು. ಅದನ್ನೇ ಕೇಳಿ ತೆಗೆದುಕೊಂಡರು. ಹೊಲಿಯುವಾಗ ತೊಡೆಯ ಮೇಲೆ ದಪ್ಪ ಚರ್ಮ ಹಾಸಿಕೊಳ್ಳಬೇಕು. ನನ್ನದನ್ನು ಕೊಡಲು ಹೋದೆ.

"ಬೇಡ ಗುರು, ಗಲೀಜು. ಬಿಳಿ ಪಂಚೆ ಇದೆ, ಫೋಟೋದಲ್ಲಿ ಚೆನ್ನಾಗಿ ಬರಲ್ಲ."

"ಸಾರ್, ಹಾಕ್ಕೊಳ್ಳಿ. ಸೂಜಿ ಕೆಳಗೆ ಹೋಗುತ್ತೆ."

"ನಂಗೇ ಹೇಳಿಕೊಡ್ತೀಯಾ?" ಎಂದು ಕ್ಯಾಮೆರಾ ಕಡೆ ತಿರುಗಿ ನಕ್ಕರು.

ಅವರು ಕ್ಯಾಮೆರಾ ನೋಡುತ್ತಾ ಬಡವರ ಕಷ್ಟದ ಬಗ್ಗೆ ಮಾತಾಡುತ್ತಾ ಹೊಲಿದರು. ಗಟ್ಟಿಯಾಗೇ ಹೊಲಿದರು, ಸುಳ್ಳು ಯಾಕೆ ಹೇಳಲಿ. ಎದ್ದು ನಿಂತು ಎರಡೂ ಕೈ ಮುಗಿದಾಗ ಹೂವಕ್ಕನ ಚಪ್ಪಲಿ ಅವರ ಪಂಚೆಯ ಮುಂದೆ ನೇತಾಡುತ್ತಿತ್ತು. ಪಟ್ಟಿಯನ್ನು ಪಂಚೆಗೇ ಸೇರಿಸಿ ಹೊಲಿದಿದ್ದರು. ಅವರಿಗೆ ಗೊತ್ತಾಗಲಿಲ್ಲ. ಡೋಲು ಶುರುವಾಯಿತು, ಮೆರವಣಿಗೆ ಹೊರಟೇಬಿಟ್ಟಿತು. ಹೂವಕ್ಕ ಬರಿಗಾಲಲ್ಲಿ ಹಿಂದೆ ಓಡಿದಳು.

"ಸಾರ್! ನನ್ ಚಪ್ಪಲಿ ಸಾರ್! ಸಾರ್, ನಿಂತ್ಕೊಳ್ಳಿ!"

ಡೋಲಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಎರಡು ಕ್ರಾಸ್ ದಾಟಿದ ಮೇಲೆ ಯಾರೋ ಬ್ಲೇಡಿನಲ್ಲಿ ಕತ್ತರಿಸಿ ಕೊಟ್ಟರಂತೆ. ಮಾರನೇ ದಿನ ಪೇಪರಿನಲ್ಲಿ ಫೋಟೋ ಬಂತು. ಚಪ್ಪಲಿ ಕಾಣದ ಹಾಗೆ ಮೇಲಿನ ಅರ್ಧ ಮಾತ್ರ ಹಾಕಿದ್ದರು. ಕೆಳಗೆ ಹೀಗೆ ಬರೆದಿತ್ತು: 'ನೆಚ್ಚಿನ ನಾಯಕನ ಹಿಂದೆ ಬರಿಗಾಲಲ್ಲಿ ಓಡಿದ ಮಹಿಳಾ ಅಭಿಮಾನಿ.'

ಎದೆಯೆತ್ತರದ ಪೆಟ್ಟಿಗೆ

ಶಿಷ್ಯರು ಗೆದ್ದ ಮೇಲೆ ನಮಗೆ ತಗಡಿನ ಪೆಟ್ಟಿಗೆ ಅಂಗಡಿ ಕೊಟ್ಟರು. ಹೊರಗೆ ಅವರದು ಆಳೆತ್ತರದ ಫೋಟೋ. ಒಳಗೆ ಕೂತು ನೋಡಿದರೆ, ಗಿರಾಕಿ ನಿಲ್ಲುವ ಕಡೆಯ ಕಿಟಕಿ ಎದೆಯೆತ್ತರಕ್ಕಿದೆ. ಬೀಡಾ ಅಂಗಡಿಗೆ ಇರುತ್ತದಲ್ಲ, ಹಾಗೆ.

ಚಪ್ಪಲಿ ಕೆಲಸ ನೆಲದ ಕೆಲಸ. ಪಟ್ಟಿ ಬಿಗಿಯೋ ಸಡಿಲವೋ ಅಂತ ಗಿರಾಕಿಯ ಕಾಲಿಗೆ ಹಾಕಿಸಿ ನೋಡಬೇಕು. ಈ ಪೆಟ್ಟಿಗೆಯಲ್ಲಿ ನಾನು ಕೂತರೆ ಗಿರಾಕಿಗೆ ನಾನು ಕಾಣುವುದಿಲ್ಲ. ನಿಂತರೆ ನನಗೆ ಅವರ ಕಾಲು ಕಾಣುವುದಿಲ್ಲ. ಒಂದು ದಿನ ಒಬ್ಬ ದಪ್ಪನೆಯ ಸಾಹೇಬರು, "ಇರಪ್ಪ, ತೋರಿಸ್ತೀನಿ" ಎಂದು ಕಾಲನ್ನೇ ಎತ್ತಿ ಕಿಟಕಿಯ ಮೇಲಿಟ್ಟರು. ಕಾಲು ಒಳಗೆ ಬಂತು. ವಾಪಸ್ ಹೋಗಲಿಲ್ಲ.

"ಲೋ, ಎಳೀಬೇಡ್ವೋ! ಸೊಂಟ ಹೋಯ್ತು!"

"ನಾನು ಎಳೀತಿಲ್ಲ ಸಾರ್, ಹೊಲೀತಿದ್ದೀನಿ. ಹೇಗೂ ಕಾಲು ಇಲ್ಲೇ ಇದೆಯಲ್ಲ."

ಹೂವಕ್ಕ ಮತ್ತು ಒಬ್ಬ ಬಸ್ ಕಂಡಕ್ಟರ್ ಸೇರಿ ಅವರನ್ನು ಬಿಡಿಸಿದರು. ಅವತ್ತೇ ಪೆಟ್ಟಿಗೆ ಬಿಟ್ಟು ಮರದ ಕೆಳಗೆ ವಾಪಸ್ ಬಂದೆ. ಶಾಸಕರು ಒಂದು ಉದ್ಘಾಟನೆಗೆ ಬಂದಾಗ ಅಡ್ಡ ನಿಂತು ಕೇಳಿದೆ. "ಈ ಪೆಟ್ಟಿಗೆ ಡಿಸೈನ್ ಮಾಡಿದ್ದು ಯಾರು ಸಾರ್?"

"ನಾನೇ. ನನ್ನ ಸ್ವಂತ ಅನುಭವದಿಂದ."

ಸತ್ಯವೇ ಹೇಳಿದರು. ಹನ್ನೊಂದು ದಿನವೂ ಅವರು ಹೆಚ್ಚು ಹೊತ್ತು ನಿಂತುಕೊಂಡೇ ಇದ್ದರು, ಟೀ ಅಂಗಡಿಯ ಮುಂದೆ.

ಫೈಲಿಗೆ ಹೊಲಿಗೆ

ಇಲ್ಲಿಯವರೆಗೆ ನಕ್ಕಿದ್ದು ಸಾಕು. ಹೋದ ವರ್ಷ ನೋಟೀಸ್ ಬಂತು. ಫುಟ್‌ಪಾತಿಗೆ ಹೊಸ ಕಲ್ಲು ಹಾಕುತ್ತಾರೆ, ಗುರುತಿನ ಕಾರ್ಡ್ ಇದ್ದವರಿಗೆ ಮಾತ್ರ ಮತ್ತೆ ಜಾಗ, ಇಲ್ಲದವರು ಜಾಗ ಖಾಲಿ ಮಾಡಬೇಕು. ಈ ಮರದ ನೆರಳು ಬಿಟ್ಟರೆ ನನಗೆ ಬೇರೆ ಏನೂ ಇಲ್ಲ. ಅರವತ್ತರ ಹತ್ತಿರ ಬಂದವನು ಬೇರೆ ಬೀದಿಗೆ ಹೋಗಿ ಕೂತರೆ, ಅಲ್ಲಿನ ಕಾಲುಗಳಿಗೆ ನನ್ನ ಗುರುತು ಸಿಗಲು ಇನ್ನೊಂದು ಜನ್ಮ ಬೇಕು.

ಕಾರ್ಡು ಕೇಳಲು ಹೋದೆ. ಅಧಿಕಾರಿ ಮೇಡಂ ಇನ್ನೂ ಚಿಕ್ಕವರು, ಲಂಚದ ಮಾತಿಲ್ಲ. ಆದರೆ ಕಾಗದ ಇಲ್ಲದಿದ್ದರೆ ಎದುರಿಗೆ ನಿಂತ ಮನುಷ್ಯನೂ ಇಲ್ಲ ಅನ್ನುವ ಪೈಕಿ.

"ಅನುಭವ ಪ್ರಮಾಣಪತ್ರ ತನ್ನಿ. ಎಷ್ಟು ವರ್ಷದಿಂದ ಅಲ್ಲಿ ಕೆಲಸ ಮಾಡ್ತಿದ್ದೀರಿ ಅಂತ ಮಾಲೀಕರು ಸಹಿ ಹಾಕಿರಬೇಕು."

"ಮಾಲೀಕ ನಾನೇ ಮೇಡಂ."

"ಹಾಗಾದ್ರೆ ನಿಮ್ಮ ಸಂಸ್ಥೆಯ ಹೆಸರು ಅಚ್ಚಾಗಿರೋ ಹಾಳೇಲಿ ಬರ್ಕೊಂಡು ಬನ್ನಿ."

ನನ್ನ ಸಂಸ್ಥೆಯ ಹಾಳೆ ಅಂದರೆ ಚರ್ಮ. ಒಂದು ಒಳ ಅಟ್ಟೆಯ ಮೇಲೆ ನೀಟಾಗಿ ಬರೆದು ಕೊಟ್ಟೆ. ಮೇಡಂ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಫೈಲಿಗೆ ಹೇಗ್ರೀ ಹಾಕೋದು? ಪಂಚಿಂಗ್ ಮಷೀನ್ ಕಚ್ಚೋದೇ ಇಲ್ಲ" ಅಂದರು. ಜೇಬಿನಿಂದ ಸೂಜಿ ತೆಗೆದು ಅಲ್ಲೇ ಫೈಲಿಗೆ ಹೊಲಿದುಕೊಟ್ಟೆ. ಆ ಕಚೇರಿಯಲ್ಲಿ ಇವತ್ತಿಗೂ ಹಾಳೆ ಉದುರದ ಫೈಲು ಅಂದರೆ ನನ್ನದೊಂದೇ. ಅರ್ಜಿ ಮಾತ್ರ ತಿರಸ್ಕಾರವಾಯಿತು.

ಗೋಡೆಯ ಮೇಲೆ ಅರ್ಹರ ಪಟ್ಟಿ ಅಂಟಿಸಿದ್ದರು. ಚಪ್ಪಲಿ ಕೆಲಸದವರಲ್ಲಿ ಮೊದಲನೇ ಹೆಸರೇ ಶಾಸಕರದು. ಗೌರವ ಸದಸ್ಯರು, ಅನುಭವ ಮೂರು ವರ್ಷ, ಆಧಾರ ಸ್ವಯಂ ಘೋಷಣೆ.

"ಅವರದು ಬಾಯಿ ಮಾತು ನಡೆಯುತ್ತೆ, ನನ್ನದು ನಡೆಯಲ್ವಾ ಮೇಡಂ?"

"ಶಾಸಕರಾಗಿ ಬನ್ನಿ, ನಿಮ್ಮದೂ ನಡೆಯುತ್ತೆ."

ಮೂರು ವರ್ಷದ ವ್ಯಾಪಾರ

ಕೊನೆಗೆ ಶಾಸಕರ ಕಚೇರಿಗೇ ಹೋದೆ. ನನ್ನನ್ನು ಗುರು ಅಂದವರಲ್ಲವೇ, ಒಂದು ಸಾಲು ಬರೆದುಕೊಡಲಿ ಅಂತ. ಬಾಗಿಲಲ್ಲೇ ಅವರ ಆಪ್ತ ಸಹಾಯಕ ನನ್ನ ಕೈಚೀಲ ನೋಡಿದ.

"ಸಾಹೇಬರು ಬ್ಯುಸಿ. ಹೇಗೂ ಸುಮ್ನೆ ಕೂತಿರ್ತೀರಲ್ಲ, ಹೊರಗೆ ನಮ್ಮದೊಂದು ಚಪ್ಪಲಿ ಕಿತ್ತಿದೆ, ನೋಡ್ಬಿಡಿ."

"ನಾನು ಅರ್ಜಿ ಕೊಡೋಕೆ ಬಂದಿದ್ದೀನಿ. ವಕೀಲರು ಅರ್ಜಿ ತಂದ್ರೆ ಅವರ ಕೈಲಿ ಕೇಸ್ ನಡೆಸ್ತೀಯಾ?"

ಒಳಗೆ ಬಿಟ್ಟರು. ಸಭಾಂಗಣದ ಮೂಲೆಯಲ್ಲಿ ಒಂದು ಗಾಜಿನ ಪೆಟ್ಟಿಗೆ. ಒಳಗೆ ಕೆಂಪು ಮಖಮಲ್ಲಿನ ಮೇಲೆ ಒಂದು ಜೊತೆ ಕಂದು ಶೂ. ಕೆಳಗೆ ಹಿತ್ತಾಳೆ ಫಲಕ: 'ಮಾನ್ಯ ಶಾಸಕರು ತಮ್ಮ ಸ್ವಂತ ಕೈಯಿಂದ ಸೋಲ್ ಹಾಕಿದ ಮೊದಲ ಶೂ.' ದಾರದಲ್ಲಿ ಅಂಕುಡೊಂಕಾದ ಚರ್ಮದ ಚೂರು ಇನ್ನೂ ಕಟ್ಟಿತ್ತು. ಅದು ಏನು ಅಂತಲೂ ಗೊತ್ತಿಲ್ಲದೆ, ಅಂದಕ್ಕೆ ಇರಲಿ ಅಂತ ಬಿಟ್ಟಿದ್ದರು. ನನ್ನ ಕೈಯಲ್ಲಿ ಕೊಯ್ದ ಚೂರು.

ಶಾಸಕರು ಬಂದರು. ಬಾಗಿಲು ಮುಂದೆ ಮಾಡಿ ಮೆತ್ತಗೆ ಮಾತಾಡಿದರು. "ನೋಡು, ನಿಂಗೆ ಇಪ್ಪತ್ತೆಂಟು ವರ್ಷ ಅಂತ ನಾನು ಬರ್ಕೊಡ್ತೀನಿ. ನಂಗೆ ಮೂರು ವರ್ಷ ಅಂತ ನೀನು ಬರ್ಕೊಡು. ವಿರೋಧಿಗಳು ಪುರಾವೆ ಕೇಳ್ತಿದ್ದಾರೆ. ಇಬ್ರ ಕೆಲಸನೂ ಆಗುತ್ತೆ."

"ಹನ್ನೊಂದು ದಿನ ಸಾರ್."

"ಹಾಗಾದ್ರೆ ಜಾಗ ಖಾಲಿ ಮಾಡು."

ಮರದ ಹತ್ತಿರ ವಾಪಸ್ ಬಂದು ಹೂವಕ್ಕನಿಗೆ ಹೇಳಿದೆ. ಅವಳು ತಲೆ ಚಚ್ಚಿಕೊಂಡಳು. "ಬರ್ಕೊಟ್ಬಿಡೋದಲ್ವೇನಣ್ಣಾ? ಒಂದು ಸುಳ್ಳಿಗೆ ಏನು ಗಂಟು ಹೋಗುತ್ತೆ? ನಾಳೆ ಎಲ್ಲಿ ಕೂರ್ತೀಯ?"

"ಅಕ್ಕಾ, ಯೋಚನೆ ಮಾಡು. ನಿನ್ನ ಚಪ್ಪಲೀನ ಪಂಚೆಗೆ ಹೊಲಿದೋನು ಅವನು. ಮೂರು ವರ್ಷ ನನ್ನ ಹತ್ರ ಕಲಿತು ಹಾಗೆ ಹೊಲಿದ ಅಂತ ನಾನೇ ಸಹಿ ಹಾಕಿದ್ರೆ, ಕಲಿಸಿದವನ ಮಾನ ಏನಾಗ್ಬೇಕು?"

ಚರ್ಮ ಸಿಕ್ತು ಮೇಷ್ಟ್ರೇ

ತಿರಸ್ಕಾರವಾದ ಅರ್ಜಿಗಳಿಗೆ ಕೊನೆಯ ವಿಚಾರಣೆ ಇಟ್ಟರು. ವಾರ್ಡ್ ಕಚೇರಿಗೆ ಸುಣ್ಣ ಬಳಿಯುತ್ತಿದ್ದರಿಂದ ಸಭೆ ಶಾಸಕರ ಸಭಾಂಗಣದಲ್ಲೇ ಆಯಿತು. ವೇದಿಕೆಯ ಮೇಲೆ ಅಧಿಕಾರಿ ಮೇಡಂ, ಶಾಸಕರು, ಮತ್ತೆ ಹಿರಿಯರು ಅಂತ ಗೌರವಕ್ಕೆ ಕರೆದಿದ್ದ ಮಾಜಿ ಶಾಸಕರು, ಅದೇ ಶೂ ಅಂಗಡಿಯವರು. ಅವರು ಅರ್ಧ ನಿದ್ದೆಯಲ್ಲಿದ್ದರು.

ಹಿಂದಿನ ದಿನ ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿಬಿಟ್ಟಿದ್ದೆ. ಹತ್ತೊಂಬತ್ತು ವರ್ಷ ಸುಳ್ಳು ಹೇಳಿದೆ ಅಂದಾಗ ನನ್ನ ಕಣ್ಣಲ್ಲಿ ನೀರು ಬಂತು. ಅವರು "ಬೆಳಿಗ್ಗೆ ಎಷ್ಟು ಗಂಟೆಗೆ ಬರಲಿ?" ಅಂತಷ್ಟೇ ಕೇಳಿದರು.

ನನ್ನ ಸರದಿ ಬಂದಾಗ ಮೇಡಂ ಕೇಳಿದರು. "ದಾಖಲೆ?"

"ಇದೆ ಮೇಡಂ. ಅರ್ಧ ಮೇಷ್ಟ್ರ ಹತ್ರ ಇದೆ. ಇನ್ನರ್ಧ ಆ ಗಾಜಿನ ಪೆಟ್ಟಿಗೆಯಲ್ಲಿದೆ."

ಮೇಷ್ಟ್ರು ಕೋಲೂರಿಕೊಂಡು ಎದ್ದರು. ಪರ್ಸಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಚರ್ಮದ ಚೂರು. ಮೇಷ್ಟ್ರಲ್ಲವೇ, ಶೂ ಕೊಟ್ಟ ದಿನವೇ ಅದರ ಹಿಂದೆ ತಾರೀಕು ಬರೆದು, ಮರದ ಗುರುತು ಬರೆದು, ನನ್ನ ಹೆಸರು ಬರೆದು, ಕೆಳಗೆ ರುಜು ಹಾಕಿ ಇಟ್ಟಿದ್ದರು.

ಶಾಸಕರು ಎದ್ದು ನಿಂತರು. "ಮೇಡಂ, ಇದೆಲ್ಲ ನಾಟಕ. ಅದು ನನ್ನ ಶೂ, ಭಾವನಾತ್ಮಕ ವಸ್ತು. ಯಾರೂ ಮುಟ್ಟೋ ಹಾಗಿಲ್ಲ."

"ದಾಖಲೆ ಅಂದ ಮೇಲೆ ನೋಡಲೇಬೇಕು ಸಾರ್" ಅಂದರು ಮೇಡಂ. ನನ್ನನ್ನು ಒಂದು ವರ್ಷ ಅಲೆಸಿದ ಅದೇ ಹಟ, ಅವತ್ತು ಮೊದಲ ಸಲ ಬೇರೆ ಕಡೆ ತಿರುಗಿತು. ಪೆಟ್ಟಿಗೆ ತೆಗೆಸಿದರು. ಶೂ ಮೇಜಿನ ಮೇಲೆ ಬಂತು.

ಪೆಟ್ಟಿಗೆ ತೆಗೆದ ಸದ್ದಿಗೆ ಮಾಜಿ ಶಾಸಕರಿಗೆ ಎಚ್ಚರವಾಯಿತು. ಶೂ ನೋಡಿದರು. ಮೇಜಿನ ಅಂಚಿನಿಂದ ಬಗ್ಗಿ ಮೇಷ್ಟ್ರ ಕಾಲು ನೋಡಿದರು. ಆಮೇಲೆ ಹಾಲಿ ಶಾಸಕರ ಕಾಲು ನೋಡಿದರು. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿತ್ತು, ಆದರೂ ಮೈಕಿನ ಮುಂದೆಯೇ ಹೇಳಿಬಿಟ್ಟರು.

"ಒಂಬತ್ತು ನಂಬರ್! ಎಡಪಾದ ಸ್ವಲ್ಪ ಅಗಲ. ನಮ್ಮ ಅಂಗಡೀಲೇ ಮಕ್ಕಳೆಲ್ಲ ಬಂದು ತಗೊಂಡು ಹೋಗಿದ್ದು. ನಿಮ್ಮದು ಏಳಲ್ವೇನಪ್ಪಾ? ಇದನ್ನ ಹಾಕ್ಕೊಂಡ್ರೆ ಕಾಲಿಂದ ಜಾರಲ್ವಾ?"

ಸಭಾಂಗಣದಲ್ಲಿ ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು. ಆಪ್ತ ಸಹಾಯಕ ಕೂಡ ಫೈಲು ಮುಖಕ್ಕೆ ಹಿಡಿದುಕೊಂಡ.

ಮೇಡಂ ಎರಡೂ ಚೂರುಗಳನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಹತ್ತಿರ ತಂದರು. ಒಂದೊಂದು ಡೊಂಕೂ ಇನ್ನೊಂದರಲ್ಲಿ ಹೋಗಿ ಕೂತಿತು. ಆಮೇಲೆ ಮೇಡಂ ನಾನು ಹೊಲಿದಿದ್ದ ಫೈಲು ತೆಗೆದು, ಬರೆಯುತ್ತಾ ಗಟ್ಟಿಯಾಗಿ ಓದಿದರು. "ಅರ್ಜಿದಾರರು ಕನಿಷ್ಠ ಹತ್ತೊಂಬತ್ತು ವರ್ಷದಿಂದ ಸದರಿ ಜಾಗದಲ್ಲಿ ಕೆಲಸ ಮಾಡುತ್ತಿರುವುದು ದೃಢಪಟ್ಟಿದೆ." ಮೊಹರು ಒತ್ತಿದರು. ಆ ಸದ್ದು ನನ್ನ ಎದೆಯೊಳಗೆ ಕೇಳಿಸಿತು.

ಶಾಸಕರು ಇನ್ನೂ ಬಿಡಲಿಲ್ಲ. "ಶೂ ಅವರದ್ದೇ ಇರಬಹುದು. ಆದರೆ ಸೋಲ್ ಹಾಕಿದ್ದು ನನ್ನ ಕೈ. ಅದನ್ನ ಯಾರೂ ಅಲ್ಲಗಳೆಯೋಕೆ ಆಗಲ್ಲ."

ಮೇಷ್ಟ್ರು ಬಲಗಾಲಿನ ಶೂ ಎತ್ತಿಕೊಂಡು ಒಳಗೆ ಕೈ ಹಾಕಿದರು. ಅಟ್ಟೆಯ ತೂತಿನಿಂದ ಅವರ ತೋರುಬೆರಳು ಹೊರಗೆ ಬಂತು. ಬಂದು, ಇಡೀ ಸಭೆಗೆ ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ಕೈಬೀಸುವ ಹಾಗೆ ಆಡಿತು. ಶಾಸಕರು ಮೆರವಣಿಗೆಯಲ್ಲಿ ಕೈ ಬೀಸುತ್ತಾರಲ್ಲ, ಥೇಟ್ ಹಾಗೆ.

ಆಮೇಲೆ ನನ್ನ ಕಡೆ ತಿರುಗಿದರು. ತರಗತಿಯಲ್ಲಿ ಹೋಂವರ್ಕ್ ಕೇಳುವ ದನಿ.

"ಏನಪ್ಪಾ, ಸೋಲ್ ಇನ್ನೂ ಹಾಕೇ ಇಲ್ಲವಲ್ಲ?"

ಹತ್ತೊಂಬತ್ತು ವರ್ಷದ ಅಭ್ಯಾಸ, ಬಾಯಿಗೆ ಅದೇ ಬಂತು. "ಚರ್ಮ ಸಿಕ್ತು ಮೇಷ್ಟ್ರೇ. ನಾಳೆ ಬನ್ನಿ."

"ಎಲ್ಲಿಗೆ?"

ಮೇಜಿನ ಮೇಲಿದ್ದ ಫೈಲಿನ ಕಡೆ ನೋಡಿದೆ. ಮೊಹರಿನ ಮಸಿ ಇನ್ನೂ ಒಣಗಿರಲಿಲ್ಲ.

"ಮರದ ಕೆಳಗೇ ಮೇಷ್ಟ್ರೇ. ಆದ್ರೆ ಈ ಸಲ ಶೂ ಬಿಟ್ಟು ಹೋಗಬೇಡಿ. ಪಕ್ಕದಲ್ಲೇ ಕೂತು ಹಾಕಿಸ್ಕೊಂಡು ಹೋಗಿ. ಶಾಸಕರು ಇನ್ನೂ ಈ ಏರಿಯಾದಲ್ಲೇ ಓಡಾಡ್ತಿದ್ದಾರೆ."